ಧರ್ಮರಾಯನ ಪಾರ್ಟು ಯಾರಿಗೂ ಬೇಡ: ಕಾದಂಬರಿಯಲ್ಲಿ ಒಳ್ಳೆಯ ಮನುಷ್ಯನನ್ನು ಬರೆಯುವ ಬಗೆ

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವುದನ್ನು ಕಂಡವರಿಗೆ ಇದು ಗೊತ್ತಿರುತ್ತದೆ. ಪಾರ್ಟು ಮಾಡುವವರೇ ದುಡ್ಡು ಹಾಕಬೇಕು. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ಮೈಕ್‌ಸೆಟ್ಟು ಎಲ್ಲ ಆ ದುಡ್ಡಿನಲ್ಲೇ ಆಗಬೇಕು. ದುರ್ಯೋಧನನಿಗೆ ಪೈಪೋಟಿ, ಕೃಷ್ಣನಿಗೆ ಪೈಪೋಟಿ. ಕರ್ಣನಿಗೂ ಶಕುನಿಗೂ ಯಾರಾದರೂ ಸಿಕ್ಕೇ ಸಿಗುತ್ತಾರೆ. ಧರ್ಮರಾಯ ಮಾತ್ರ ಉಳಿದುಬಿಡುತ್ತಾನೆ. ಕೊನೆಗೆ ಊರಿನ ಯಾವನೋ ಸಾಧು ಮನುಷ್ಯನನ್ನು ಹಿಡಿದು, "ನೀನೇ ಹಾಕ್ಕೊಬುಡಣ್ಣ, ನಿಂಗೆ ವಸಿ ಕಮ್ಮಿ ಮಾಡ್ಕೊಡ್ತೀವಿ" ಎಂದು ತಲೆಗೆ ಕಟ್ಟುತ್ತಾರೆ. ಮಂಡ್ಯದ ಕಲಾಮಂದಿರದಲ್ಲಿ ಇಂಥ ನಾಟಕಗಳಿಗೆ ಎಷ್ಟೋ ಸಲ ಕೂತಿದ್ದೇನೆ. ದುರ್ಯೋಧನನ ಹಾಡಿಗೆ ಒನ್ಸ್‌ಮೋರ್ ಬೀಳುತ್ತದೆ. ಧರ್ಮರಾಯ ಬಂದ ಎಂದರೆ ಜನ ಟೀ ಕುಡಿಯಲು ಏಳುತ್ತಾರೆ.

ಕಾದಂಬರಿ ಬರೆಯುವವರ ಪಾಡೂ ಇದೇ. ಕೆಟ್ಟವನು ಮೊದಲ ಪುಟದಲ್ಲೇ ತಾನಾಗಿ ಎದ್ದು ನಿಲ್ಲುತ್ತಾನೆ. ಒಳ್ಳೆಯವನನ್ನು ಎಷ್ಟು ಎತ್ತಿ ಕೂರಿಸಿದರೂ ಜೋಲಿ ಹೊಡೆಯುತ್ತಾನೆ. ನನ್ನ ಮೊದಲ ಕಾದಂಬರಿಯ ನಾಯಕ ಒಬ್ಬ ಪ್ರೈಮರಿ ಶಾಲೆ ಮೇಷ್ಟ್ರು. ಸಂಬಳ ಬಂದ ದಿನವೇ ಬಡ ಹುಡುಗರ ಬಟ್ಟೆಗೆ, ಪುಸ್ತಕಕ್ಕೆ ಖರ್ಚು ಮಾಡಿ ಕೈ ಕೊಡವಿಕೊಳ್ಳುವವನು. ಯಾರ ಮೇಲೂ ದನಿ ಎತ್ತಿದವನಲ್ಲ. 1000 ಪ್ರತಿ ಅಚ್ಚಾಯಿತು. ಅರ್ಧಕ್ಕಿಂತ ಹೆಚ್ಚು ಇವತ್ತಿಗೂ ನಮ್ಮ ಅಟ್ಟದ ಮೇಲಿದೆ. ಓದಿದ ಕೆಲವರಲ್ಲಿ ನನ್ನ ಸೋದರತ್ತೆಯೂ ಒಬ್ಬರು. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು ಕೇಳಿದ್ದು ಒಂದೇ ಮಾತು: "ಅಲ್ಲ ಕಣಪ್ಪ, ನಿಮ್ಮೇಷ್ಟ್ರು ಸಂಬ್ಳನೆಲ್ಲ ಹಂಚ್‌ಬುಟ್ರೆ ಅವ್ನ ಹೆಂಡ್ತಿ ಒಲೆ ಮ್ಯಾಲೆ ಏನ್ ಮಡಗ್ತಿದ್ಲು?"

ಆ ಪುಸ್ತಕದಲ್ಲಿ ಮೇಷ್ಟ್ರ ಹೆಂಡತಿ ಬರುವುದು ನಾಲ್ಕು ಕಡೆ. ನಾಲ್ಕು ಕಡೆಯೂ ಕಾಫಿ ತಂದುಕೊಡುತ್ತಾಳೆ. ಆ ಕಾಫಿಪುಡಿಗೆ ದುಡ್ಡು ಎಲ್ಲಿಂದ ಬಂತೆಂದು ನಾನು ಯೋಚನೆಯನ್ನೇ ಮಾಡಿರಲಿಲ್ಲ.

ಮುಂದೆ ಹೇಳುವುದೆಲ್ಲ ಅತ್ತೆಯ ಆ ಪ್ರಶ್ನೆಯ ಬೆನ್ನು ಹತ್ತಿ ಕಲಿತದ್ದು. ಒಳ್ಳೆಯತನಕ್ಕೆ ಖರ್ಚಿದೆ. ಆ ಖರ್ಚನ್ನು ಬಹಳ ಸಲ ಒಳ್ಳೆಯವನ ಮನೆಯವರು ಭರಿಸುತ್ತಾರೆ. ಅದನ್ನು ಪುಟದ ಮೇಲೆ ತರುವುದು ಹೇಗೆ ಎಂದು ಹಂತ ಹಂತವಾಗಿ, ನಾನೀಗ ಬರೆಯುತ್ತಿರುವ ಕಾದಂಬರಿಯನ್ನೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಕೆಲಸ ಕೊಡಿ, ಗುಣ ಆಮೇಲೆ

ಹೊಸದಾಗಿ ಬರೆಯುವವರ ನೋಟ್‌ಬುಕ್ಕಿನಲ್ಲಿ ಪಾತ್ರದ ಹೆಸರಿನ ಕೆಳಗೆ "ಪ್ರಾಮಾಣಿಕ, ಸ್ವಾಭಿಮಾನಿ, ಕರುಣಾಮಯಿ" ಎಂದಿರುತ್ತದೆ. ಇವು ಶ್ರದ್ಧಾಂಜಲಿ ಫ್ಲೆಕ್ಸಿಗೆ ಸರಿಹೋಗುವ ಮಾತುಗಳು. ಹೊಡೆದುಹಾಕಿ. ಅದರ ಜಾಗದಲ್ಲಿ ಆ ವ್ಯಕ್ತಿ ಬೆಳಗ್ಗೆ ಎದ್ದು ಮಾಡುವ ಕೆಲಸ ಏನು ಎಂದು ಬರೆಯಿರಿ. ಕೆಲಸ ಆರಿಸುವಾಗ ಒಂದು ನಿಯಮ ಇಟ್ಟುಕೊಳ್ಳಿ: ಯಾರ ಕಣ್ಣಿಗೂ ಬೀಳದ ಹಾಗೆ ಸಣ್ಣ ಮೋಸ ಮಾಡಲು ಅದರಲ್ಲಿ ದಾರಿ ಇರಬೇಕು.

ಮೈಸೂರಿನಲ್ಲಿದ್ದರೆ ದೇವರಾಜ ಮಾರುಕಟ್ಟೆಗೆ ಹೋಗಿ ಹೂವಿನವರು ಮೊಳ ಹಾಕುವುದನ್ನು ಹತ್ತು ನಿಮಿಷ ನಿಂತು ನೋಡಿ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಲೆಕ್ಕ ಅಷ್ಟೇ. ಆದರೆ ದಾರ ಮೊಣಕೈಯಿಂದಲೇ ಶುರುವಾಯಿತೋ ಅಥವಾ ಅದಕ್ಕಿಂತ ಎರಡು ಬೆರಳು ಮುಂದಿನಿಂದಲೋ, ಬೆರಳು ನೆಟ್ಟಗಿತ್ತೋ ಮಡಿಸಿತ್ತೋ, ಮೂರನೆಯ ಮೊಳಕ್ಕೆ ಹೋಗುವಾಗ ಕೈ ಎಷ್ಟು ಬೇಗ ಜಾರಿತು, ಇಷ್ಟರಲ್ಲೇ ಒಂದು ಗೇಣು ಹೆಚ್ಚುಕಮ್ಮಿ ಆಗಿಬಿಡುತ್ತದೆ. ಸಂಜೆ ಹೂ ಬಾಡುವ ಹೊತ್ತಿಗೆ ಎಲ್ಲರೂ ಧಾರಾಳಿಗಳೇ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಕೊಳ್ಳುವವರು ಮೈಮೇಲೆ ಬೀಳುತ್ತಿರುವಾಗ ಆ ಕೈ ಎಲ್ಲಿಂದ ಅಳೆಯುತ್ತದೆ ಎಂಬುದನ್ನು ಬರೆದರೆ "ಪ್ರಾಮಾಣಿಕಳು" ಎಂಬ ಪದವೇ ಬೇಕಾಗುವುದಿಲ್ಲ.

ನನ್ನ ಮನುಷ್ಯ ನೀರುಗಂಟಿ, ಅಂದರೆ ನಾಲೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವವನು. ಹೆಸರು ಕೆಂಪಯ್ಯ. ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆ ಅವನ ಸುಪರ್ದಿಗೆ ಬಿಟ್ಟದ್ದು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್. ಅಣೆಕಟ್ಟಿನ) ಕೆಲಸ 1932ರ ಹೊತ್ತಿಗೆ ಮುಗಿಯಿತು. ಅಂದಿನಿಂದ ಈ ಸೀಮೆಯ ಹಣೆಬರಹ ಅದರ ನೀರಿನ ಮಟ್ಟದಲ್ಲೇ ಇದೆ. ಮುಂಗಾರು ಹಿಡಿದರೆ ಇಲ್ಲಿನ ಜನ ಪೇಪರಿನಲ್ಲಿ ಮೊದಲು ನೋಡುವುದು ಕಟ್ಟೆಯಲ್ಲಿ ಎಷ್ಟು ಅಡಿ ಎಂದು. 124.80 ಮುಟ್ಟಿದರೆ ತುಂಬಿದ ಹಾಗೆ. ಆದರೆ ಕಟ್ಟೆ ತುಂಬಿದ ವರ್ಷವೂ ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗದ ಗದ್ದೆಗಳಿಗೆ ನೀರು ಬಂದೇ ಬರುತ್ತದೆ ಅನ್ನುವ ಹಾಗಿಲ್ಲ. ಮೇಲ್ಭಾಗದವರ ಗದ್ದೆ ತುಂಬಿ ಉಳಿದದ್ದು ಕೆಳಕ್ಕೆ. ನೀರು ಕಮ್ಮಿಯಾದ ವರ್ಷ ಕಟ್ಟು ಪದ್ಧತಿ, ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಆ ಎಣಿಸಿದ ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ ಒಂದು ತೂಬಿನ ಗೇಟು ಒಂದು ಗೇಣು ಮೇಲೆದ್ದರೆ ಯಾರದೋ ಗದ್ದೆ ತುಂಬುತ್ತದೆ, ಇನ್ಯಾರದೋ ಒಟ್ಲು (ಭತ್ತದ ಸಸಿಮಡಿ) ಒಣಗುತ್ತದೆ. ಸಂಬಳ ಕಮ್ಮಿ, ಅಧಿಕಾರವೆಲ್ಲ ಕತ್ತಲಲ್ಲಿ. ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ನೌಕರಿ ಎಲ್ಲಿ ಸಿಗುತ್ತದೆ?

ಕೆಲಸ ಆರಿಸಿದ ಮೇಲೆ ಹೋಗಿ ನೋಡಿ. ಕೂತಲ್ಲೇ ಕಲ್ಪಿಸಿಕೊಂಡರೆ ನನ್ನ ಮೇಷ್ಟ್ರ ಗತಿಯೇ ನಿಮ್ಮ ಪಾತ್ರಕ್ಕೂ. ಎರಡು ರಾತ್ರಿ ಒಬ್ಬ ನೀರುಗಂಟಿಯ ಜೊತೆ ನಾಲೆ ಏರಿಯ ಮೇಲೆ ನಡೆದೆ. ಅವರ ಕೈಯಲ್ಲಿ ಟಾರ್ಚ್ ಇತ್ತು, ಹಾಕಲಿಲ್ಲ. ಯಾಕೆಂದು ಕೇಳಿದೆ. "ಬೆಳಕ್ ಕಂಡ್ರೆ ಮಡೆ ಒಡ್ದಿರೋನು ಓಡೋಯ್ತಾನೆ ಸಾ. ನೀರ್ ಸದ್ದು ಕೇಳ್ಕೊಂಡ್ ಹೋಗ್ಬೇಕು. ಕೈ ಹಾಕಿರೋ ಕಡೆ ನೀರು ಬ್ಯಾರೆ ತರ ಮಾತಾಡ್ತದೆ" ಎಂದರು. ಮಡೆ ಒಡೆಯುವುದೆಂದರೆ ಕದ್ದು ನೀರು ಹರಿಸಿಕೊಳ್ಳಲು ನಾಲೆಗೆ ದಾರಿ ಮಾಡುವುದು. ಸಿಕ್ಕಿದರೆ ಏನು ಮಾಡುತ್ತೀರಿ ಎಂದೆ. "ಏನ್ ಮಾಡದು, ಅವ್ನೂ ನಮ್ಮೂರೋನೆ. ಒಂದ್ ಬೀಡಿ ಕೊಡ್ತೀನಿ, ಅವ್ನ್ ಕೈಲೇ ಮಡೆ ಮುಚ್ಚುಸ್ತೀನಿ." ಮೇಜಿನ ಮುಂದೆ ಕೂತು ಹತ್ತು ವರ್ಷ ಬರೆದರೂ ನನಗೆ ಈ ಬೀಡಿ ಹೊಳೆಯುತ್ತಿರಲಿಲ್ಲ.

ಗುಣ ಒಂದೇ ಸಾಕು

ನಮ್ಮ ಹಳೆಯ ಅಲಂಕಾರಶಾಸ್ತ್ರ ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ: ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ. ನಾವು ಒಳ್ಳೆಯವನನ್ನು ಬರೆಯಲು ಕೂತ ಕೂಡಲೇ ಕೈ ತಾನಾಗಿ ಧೀರೋದಾತ್ತನ ಕಡೆ ಹೋಗುತ್ತದೆ, ಸಕಲ ಸದ್ಗುಣಗಳನ್ನೂ ಒಬ್ಬನ ಮೇಲೇ ಹೇರುತ್ತೇವೆ. ನೀರುಗಂಟಿಗೆ ಅಷ್ಟು ಹೊರೆ ಹೊರುವ ಶಕ್ತಿ ಇರುವುದಿಲ್ಲ.

ಒಂದು ಗುಣ ಆರಿಸಿ, ಅದೂ ಆ ಕೆಲಸದೊಳಗಿಂದಲೇ ಹುಟ್ಟಿದ್ದಿರಲಿ. ಕೆಂಪಯ್ಯನ ಗುಣ ಸರದಿ. ಯಾರ ಸರದಿಯೋ ಅವರಿಗೆ ನೀರು. ಇದೊಂದನ್ನು ಬಿಟ್ಟರೆ ಬೇರೆ ವಿಷಯದಲ್ಲಿ ಅವನು ಸಾಮಾನ್ಯ ಮನುಷ್ಯ. ದುಡ್ಡಿನಲ್ಲಿ ಜುಗ್ಗ. ಅಣ್ಣನ ಜೊತೆ ಮಾತು ಬಿಟ್ಟು ಆರು ವರ್ಷ. ಮಗಳು ಕಾಲೇಜಿಗೆ ಹೋಗುವುದು ಅವನಿಗೆ ಅಷ್ಟೇನೂ ಇಷ್ಟವಿಲ್ಲ. ಇಂಥವನು ಸರದಿಯ ಮಾತು ಬಂದಾಗ ಮಾತ್ರ ಬಂಡೆ. ಹೀಗೆ ಸುತ್ತಲೂ ಸಾಧಾರಣ ನೆಲ ಇದ್ದರೆ ಆ ಬಂಡೆ ಎಷ್ಟು ದೊಡ್ಡದು ಎಂದು ಓದುಗರಿಗೆ ತಾನಾಗಿ ಕಾಣುತ್ತದೆ.

ಪಾತ್ರಗಳ ಬಾಯಲ್ಲಿ "ನೈತಿಕತೆ", "ಮೌಲ್ಯ" ಎಂದೆಲ್ಲ ಬರಿಸಬೇಡಿ. ಅವು ಭಾಷಣದ ಮಾತು. ಜನ ಆಡುವ ಮಾತು ಬೇರೆ: ನಿಯತ್ತು, ಋಣ, ಹಂಗು, ಮಾತಿಗೆ ತಪ್ಪೋದು, ಮಕ ತೋರ್ಸಕಾಗದು. ಒಂದೊಂದು ಮಾತಿನ ಒಳಗೂ ಒಂದೊಂದು ಜಗಳ ಅಡಗಿದೆ.

ಖರ್ಚಿನ ಪುಸ್ತಕ ತೆರೆಯಿರಿ

ಈ ಹಂತಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ, ನೀವೂ ಕೊಡಿ.

ಹರಿಶ್ಚಂದ್ರ ಸತ್ಯ ಬಿಡಲಿಲ್ಲ ಎಂದು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಕಾಶಿಯ ಬೀದಿಯಲ್ಲಿ ಮೊದಲು ಮಾರಾಟವಾದವರು ಯಾರು? ಚಂದ್ರಮತಿ ಮತ್ತು ಲೋಹಿತಾಶ್ವ. ಹಾವು ಕಚ್ಚಿದ್ದು ಯಾರಿಗೆ? ಮಗುವಿಗೆ. ಸುಡುಗಾಡಿನಲ್ಲಿ ಹೆಣ ಹೊತ್ತು ನಿಂತವಳು ಯಾರು? ತಾಯಿ. ಊರಿನಲ್ಲಿ ಈ ನಾಟಕ ನಡೆದಾಗ ಹೆಂಗಸರು ಸೆರಗು ಕಣ್ಣಿಗೊತ್ತಿಕೊಳ್ಳುವುದು ಹರಿಶ್ಚಂದ್ರನ ಮಾತಿಗಲ್ಲ, ಚಂದ್ರಮತಿಯ ಪಾಡಿಗೆ. ಕಥೆ ಕಟ್ಟಿದವರಿಗೆ ಖರ್ಚು ಯಾರ ತಲೆಯ ಮೇಲೆ ಬಿತ್ತೆಂಬ ಅರಿವು ಚೆನ್ನಾಗಿಯೇ ಇತ್ತು. ನಾವು ನೀತಿಪಾಠ ಮಾಡುವ ಭರದಲ್ಲಿ ಅದನ್ನು ಮರೆತೆವು.

ಹಾಗಾಗಿ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ಮೂರು ಕಾಲಂ ಹಾಕಿ. ಅವನು ಏನು ಮಾಡಿದ, ಅದಕ್ಕೆ ತೆತ್ತವರು ಯಾರು, ತೆತ್ತದ್ದು ಅವನಿಗೆ ಗೊತ್ತೇ. ಮೊದಲ ಕಾಲಂ ತುಂಬುವುದು ಸುಲಭ. ಎರಡನೆಯದರಲ್ಲಿ ಪೆನ್ನು ನಿಲ್ಲುತ್ತದೆ. ಮೂರನೆಯ ಕಾಲಂ ನಿಮ್ಮ ಕಾದಂಬರಿ.

ನನ್ನ ಪುಸ್ತಕದ ಒಂದು ಸಾಲು ಹೀಗಿದೆ. ಕೆಂಪಯ್ಯನ ಭಾಮೈದ ಪುಟ್ಟರಾಜು ಒಂದು ರಾತ್ರಿಯ ಮಟ್ಟಿಗೆ ಸರದಿ ತಪ್ಪಿಸಿ ನೀರು ಬಿಡು ಎಂದು ಕೇಳುತ್ತಾನೆ. ಕೆಂಪಯ್ಯ ಬಿಡುವುದಿಲ್ಲ. ತೆತ್ತವಳು ಯಾರು? ಕೆಂಪಯ್ಯನ ಹೆಂಡತಿ ಜವರಮ್ಮ. ಆ ವರ್ಷ ಗೌರಿ ಹಬ್ಬಕ್ಕೆ ಅವಳ ತಮ್ಮ ಪುಟ್ಟರಾಜು ಬಾಗಿನ ತರಲಿಲ್ಲ. ಊರಿನವರೆಲ್ಲ ಕೆಂಪಯ್ಯನ ನಿಯತ್ತನ್ನು ಹೊಗಳುತ್ತಿದ್ದ ಆ ವಾರ ಅವಳ ತವರು ಮುಚ್ಚಿಹೋಯಿತು.

ಸಾಲು ಬರೆದಿಟ್ಟರೆ ಸಾಲದು, ಅದನ್ನು ದೃಶ್ಯ ಮಾಡಬೇಕು. ಮೊದಲ ಸಲ ಬರೆದಾಗ ಜವರಮ್ಮ ಅಳುವ ಹಾಗೆ ಮಾಡಿಬಿಟ್ಟಿದ್ದೆ. ಓದಿದರೆ ನನಗೇ ಬೇಜಾರಾಯಿತು. ಎರಡನೆಯ ಸಲ ಜಗಳ ಆಡಿಸಿದೆ. ಅದು ಸೀರಿಯಲ್ಲಿನ ಹಾಗೆ ಕೇಳಿಸಿತು. ಮೂರನೆಯ ಸಲ ಬರೆದದ್ದು ಇದು:

ಹಬ್ಬದ ದಿನ ಹನ್ನೊಂದು ಗಂಟೆ ಆದರೂ ಜವರಮ್ಮ ಹೊಸ್ತಿಲ ಹತ್ತಿರವೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಸ್ ಬಂದು ಹೋದ ಸದ್ದಾಯಿತು. ತಲೆ ಎತ್ತಲಿಲ್ಲ. ಕೆಂಪಯ್ಯ ಹಜಾರದಿಂದಲೇ, "ನಾನೇ ಮಂಡ್ಯಕ್ ಹೋಗಿ ಒಂದ್ ಸೀರೆ ತಂದ್ಕೊಡ್ತೀನಿ ಬುಡು" ಎಂದ.

"ಸೀರೆ ಕೇಳ್ದೋರ್ ಯಾರು?" ಎಂದು ಅವಳು ಸಿಪ್ಪೆಯನ್ನು ಮೊರಕ್ಕೂ ಕಾಳನ್ನು ನೆಲಕ್ಕೂ ಹಾಕಿದಳು.

ಇಷ್ಟೇ. (ಗೌರಿ ಹಬ್ಬದ ಹೊತ್ತಿಗೆ ಅವರೆಕಾಯಿ ಎಲ್ಲಿ ಬಂತು ಎಂದು ಅತ್ತೆ ತಕರಾರು ತೆಗೆದರು. ಅವರು ಹೇಳಿದ್ದು ಸರಿ, ಅವರೆ ಬರುವುದು ಚಳಿಗಾಲಕ್ಕೆ. ಈಗ ಅದು ಅಲಸಂದೆಕಾಯಿ ಆಗಿದೆ. ಒಳ್ಳೆಯ ಮನುಷ್ಯನ ಕಥೆಯಲ್ಲಿ ತರಕಾರಿ ತಪ್ಪಾದರೆ ಅವನ ಒಳ್ಳೆಯತನವನ್ನೂ ಜನ ನಂಬುವುದಿಲ್ಲ.)

ಪುಸ್ತಕ ತುಂಬುವಾಗ ಇನ್ನೊಂದು ಕಡೆ ಎಚ್ಚರ ಬೇಕು. ಖರ್ಚಿಲ್ಲದ ಒಳ್ಳೆಯತನ ಕಂಡರೆ ಅದನ್ನು ಕೈಬಿಡಿ, ಇಲ್ಲವೇ ಕಥೆಯ ಕಾಲ ಬದಲಿಸಿ. ನಮ್ಮ ಬರಹಗಾರರ ಗುಂಪಿನಲ್ಲಿ ಒಬ್ಬರು ಆಲೆಮನೆ ಯಜಮಾನನ ಕಥೆ ತಂದಿದ್ದರು. ಬೆಲ್ಲ ಹಳದಿ ಹೊಡೆಯಲೆಂದು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಇವರ ಯಜಮಾನ ಹಾಕುವುದಿಲ್ಲ, ಅವನ ಬೆಲ್ಲ ಕಪ್ಪು. ಸರಿಯೇ. ಆದರೆ ಕಥೆ ನಡೆಯುವುದು ಈಗಿನ ಕಾಲದಲ್ಲಿ. ಈಗ ಕಪ್ಪು ಬೆಲ್ಲಕ್ಕೆ ಸಾವಯವ ಎಂದು ಚೀಟಿ ಅಂಟಿಸಿದರೆ ಬೆಂಗಳೂರಿನಲ್ಲಿ ಹೆಚ್ಚು ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಅಲ್ಲಿಗೆ ಅವನ ನಿಯತ್ತು ಒಳ್ಳೆಯ ವ್ಯಾಪಾರವೂ ಆಯಿತು, ಅವನು ಒಳ್ಳೆಯವನೋ ಜಾಣನೋ ಗೊತ್ತಾಗುವುದಿಲ್ಲ. ಕಥೆಯನ್ನು ಮೂವತ್ತು ವರ್ಷ ಹಿಂದಕ್ಕೆ ಒಯ್ಯಿರಿ ಎಂದೆ. ಆಗ ಮಂಡಿಯಲ್ಲಿ ಬೆಲ್ಲದ ಬಣ್ಣ ನೋಡಿಯೇ ಹರಾಜು ಕೂಗುತ್ತಿದ್ದರು. ಅವನ ಅಚ್ಚು ಬೆಲ್ಲ ಎಲ್ಲರದಕ್ಕಿಂತ ಕಮ್ಮಿಗೆ ಹೋಗುತ್ತದೆ, ಗಾಡಿ ಹೊಡೆದುಕೊಂಡು ವಾಪಸು ಬರುವಾಗ ಮಗ ಅಪ್ಪನ ಪಕ್ಕದಲ್ಲಿ ಕೂರುವುದಿಲ್ಲ. ಈಗ ಕಥೆ ಆಯಿತು.

ಎರಡು ಸರಿಗಳ ನಡುವೆ ಸಿಕ್ಕಿಸಿ

ಸರಿ ಮತ್ತು ತಪ್ಪಿನ ನಡುವೆ ಆರಿಸುವುದಕ್ಕೆ ಒಳ್ಳೆಯವನೇ ಬೇಕಿಲ್ಲ, ಅಂಜುಬುರುಕನೂ ಪೊಲೀಸರಿಗೆ ಹೆದರಿ ಸರಿಯಾದದ್ದನ್ನೇ ಮಾಡುತ್ತಾನೆ. ಹಾಗಾಗಿ ಪುಟ್ಟರಾಜುವನ್ನು ಕೆಟ್ಟವನನ್ನಾಗಿ ಮಾಡುವ ಆಸೆಯನ್ನು ಗಟ್ಟಿಯಾಗಿ ತಡೆದುಕೊಳ್ಳಿ. ಮೊದಲು ನಾನು ಅವನಿಗೆ ಕುಡಿತದ ಚಟ ಅಂಟಿಸಿದ್ದೆ, ಆಮೇಲೆ ತೆಗೆದೆ. ಈಗ ಅವನ ಒಟ್ಲು ಹಾಕಿ ನಲವತ್ತು ದಿನ ಆಗಿದೆ. ನಾಲ್ಕು ವಾರದೊಳಗೆ ಕಿತ್ತು ನೆಡಬೇಕಾಗಿದ್ದ ಪೈರು ನೀರಿಲ್ಲದೆ ಪಾತಿಯಲ್ಲೇ ಬಲಿಯುತ್ತಿದೆ. ಕೈಸಾಲ ಬೇರೆ. ಕೊನೆಭಾಗದಲ್ಲಿ ಗಂಡನಿಲ್ಲದ ಸಾಕಮ್ಮನ ಒಟ್ಲಿಗೂ ಅಷ್ಟೇ ವಯಸ್ಸು. ಇಬ್ಬರ ಕಷ್ಟವನ್ನೂ ತಕ್ಕಡಿಗೆ ಹಾಕಿದರೆ ಮುಳ್ಳು ನಡುವೆ ನಿಲ್ಲುತ್ತದೆ. ಸರದಿ ಸಾಕಮ್ಮನದು.

ಇದಕ್ಕೆ ಇನ್ನೊಂದು ಕಲ್ಲು ಹೇರಿದೆ. ಎರಡು ವರ್ಷದ ಕೆಳಗೆ ಕೆಂಪಯ್ಯನ ಮಗಳು ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ದುಡ್ಡು ಹೊಂದಿಸಿ ತಂದವನು ಪುಟ್ಟರಾಜು. ಆ ದುಡ್ಡನ್ನು ಅವನು ಇವತ್ತಿಗೂ ಕೇಳಿಲ್ಲ. ಈಗ ಒಂದು ಕಡೆ ನ್ಯಾಯ, ಇನ್ನೊಂದು ಕಡೆ ಋಣ. ಬೇರೆ ಸೀಮೆಯ ಓದುಗನಿಗೆ ಹೇಗೋ ಕಾಣೆ, ನಮ್ಮವರಿಗೆ ಋಣ ಎಂದರೆ ಸಣ್ಣ ಮಾತಲ್ಲ. ಕೆಂಪಯ್ಯ ಗೇಟು ಮುಟ್ಟುವ ಹೊತ್ತಿಗೆ ಅವನ ಕೈ ನಡುಗಿದರೆ ಯಾರೂ ಯಾಕೆಂದು ಕೇಳುವುದಿಲ್ಲ.

ಎದುರಾಳಿಯ ಬಾಯಿಗೆ ಒಳ್ಳೆಯ ಮಾತು ಕೊಡಿ

ನಿಮ್ಮ ಒಳ್ಳೆಯವನ ವಿರುದ್ಧ ಹೇಳಬಹುದಾದ ಅತಿ ಹರಿತವಾದ ಮಾತು ಯಾವುದೋ ಅದನ್ನು ಬೇರೆ ಪಾತ್ರದ ಬಾಯಲ್ಲಿ ಆಡಿಸಿ. ಪುಟ್ಟರಾಜು ಆ ರಾತ್ರಿ ಏರಿಯ ಮೇಲೆ ನಿಂತು ಹೇಳುತ್ತಾನೆ: "ನಿಂಗೊಂದ್ ಗುಂಟೆ ಗದ್ದೆ ಇದ್ದಿದ್ರೆ ಗೊತ್ತಾಗದು ಬಾವ. ನೀರ್ ಬೇಕಾಗಿಲ್ದೋನ್ಗೆ ನಿಯತ್ತು ಸಲೀಸು."

ಇದಕ್ಕೆ ಕೆಂಪಯ್ಯನಿಂದ ಉತ್ತರ ಹೇಳಿಸಬೇಕೆಂದು ಒಂದು ತಿಂಗಳು ಒದ್ದಾಡಿದೆ. ಬರೆದ ಉತ್ತರಗಳೆಲ್ಲ ಸಿನಿಮಾ ಡೈಲಾಗ್ ಆಗುತ್ತಿದ್ದವು. ಕೊನೆಗೆ ಉತ್ತರವೇ ಬೇಡವೆಂದು ಬಿಟ್ಟೆ. ಅವನು ಸನಿಕೆ ಹೆಗಲ ಮೇಲಿಟ್ಟುಕೊಂಡು ಕೊನೆಭಾಗದ ಕಡೆ ನಡೆಯುತ್ತಾನೆ. ಮಾತು ಅಲ್ಲೇ ನಿಂತಿರುತ್ತದೆ, ಮುಂದಿನ ಐವತ್ತು ಪುಟ ಅವನ ಬೆನ್ನಿಗಿರುತ್ತದೆ.

ಕೊಂಚ ನಗಿಸಿ

ರಷ್ಯದ ಕಾದಂಬರಿಕಾರ ದಾಸ್ತೋವ್‌ಸ್ಕಿ 1868ರ ಜನವರಿಯಲ್ಲಿ ತನ್ನ ಸೋದರ ಸೊಸೆಗೆ ಬರೆದ ಕಾಗದದಲ್ಲಿ ಇದೇ ಕಷ್ಟ ತೋಡಿಕೊಂಡಿದ್ದಾನೆ: ನಿಜವಾಗಿ ಸುಂದರವಾದ ಮನಸ್ಸಿನ ಮನುಷ್ಯನನ್ನು ಚಿತ್ರಿಸುವುದಕ್ಕಿಂತ ಕಷ್ಟದ ಕೆಲಸ ಇಲ್ಲ ಎಂದು. ಸಾಹಿತ್ಯದಲ್ಲಿ ಅಂಥ ಪಾತ್ರ ಪೂರ್ಣವಾಗಿ ಮೂಡಿದ್ದು ಸ್ಪೇನಿನ ಸರ್ವಾಂಟಿಸ್ ಬರೆದ ಕಾದಂಬರಿಯ ಡಾನ್ ಕ್ವಿಕ್ಸೋಟನಲ್ಲಿ, ಅದೂ ಅವನು ನಗೆಪಾಟಲಿಗೆ ಈಡಾಗುವವನಾದ್ದರಿಂದ ಎಂಬುದು ಅವನ ಅಭಿಪ್ರಾಯ. ನಾವು ಯಾರನ್ನು ನೋಡಿ ನಗುತ್ತೇವೋ, ತನ್ನ ಬೆಲೆ ತನಗೇ ಗೊತ್ತಿಲ್ಲದ ಅಂಥವನ ಮೇಲೆ ಕನಿಕರವೂ ಹುಟ್ಟುತ್ತದೆ.

ಮಾಡುವುದು ಹೀಗೆ. ನೀವು ಆರಿಸಿದ ಆ ಒಂದೇ ಗುಣವನ್ನು ಅದು ಸಲ್ಲದ ಜಾಗಕ್ಕೆ ಒಯ್ಯಿರಿ. ಬೀಗರೂಟದಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತು. ಊಟ ಮಾಡುತ್ತಿರುವವರ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ, ಎಲೆ ಮಡಿಸುವ ಮೊದಲೇ ನುಗ್ಗುತ್ತಾರೆ. ಅಲ್ಲಿ ನಮ್ಮ ಕೆಂಪಯ್ಯ ಸರದಿ ಹಚ್ಚಲು ನಿಲ್ಲುತ್ತಾನೆ. ಯಾರೂ ಹೇಳಿದ್ದಿಲ್ಲ, ಕೇಳಿದ್ದಿಲ್ಲ. ಪಂಚಾಯ್ತಿ ಮೆಂಬರೊಬ್ಬನನ್ನು ಎಬ್ಬಿಸಿ ಹಿಂದಕ್ಕೆ ಕಳಿಸುತ್ತಾನೆ. ಕೊನೆಗೆ ಅವನ ಸರದಿ ಬರುವ ಹೊತ್ತಿಗೆ ಮಾಂಸ ಮುಗಿದು ಬರೀ ಸಾರು ಉಳಿದಿರುತ್ತದೆ. ಮುದ್ದೆಯನ್ನು ಅದರಲ್ಲೇ ಅದ್ದಿಕೊಂಡು ತೃಪ್ತಿಯಾಗಿ ಉಣ್ಣುತ್ತಾನೆ. ಈ ಅಧ್ಯಾಯ ಬರೆದ ಮೇಲೆಯೇ ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು.

ರಥವನ್ನು ನೆಲಕ್ಕೆ ಇಳಿಸಿ

ಮತ್ತೆ ಧರ್ಮರಾಯನ ಹತ್ತಿರ ಬರೋಣ. ಅವನ ರಥ ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿತ್ತಂತೆ. ದ್ರೋಣನನ್ನು ಕೊಲ್ಲಿಸಲು ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಬಾಯೊಳಗೇ ನುಂಗಿಕೊಂಡಾಗ ಆ ರಥ ಧೊಪ್ಪನೆ ನೆಲಕ್ಕೆ ಇಳಿಯಿತು. ಇಡೀ ಮಹಾಭಾರತದಲ್ಲಿ ಧರ್ಮರಾಯ ನನಗೆ ಮನುಷ್ಯನಾಗಿ ಕಾಣುವುದು ಆ ಗಳಿಗೆಯಲ್ಲಿ.

ಬರೆಯುವವರು ಈ ಸಲಹೆಯನ್ನು ಅರ್ಧ ಮಾತ್ರ ಕೇಳಿಸಿಕೊಳ್ಳುತ್ತಾರೆ. "ದೋಷ ಇರಬೇಕಂತೆ" ಎಂದು ಮುಂಗೋಪವನ್ನೋ ಬೀಡಿಯನ್ನೋ ಮರೆವನ್ನೋ ತಂದು ಅಂಟಿಸುತ್ತಾರೆ. ಅದು ದೃಷ್ಟಿಬೊಟ್ಟು. ಮಗುವಿನ ಕೆನ್ನೆಗೆ ಕಪ್ಪು ಇಟ್ಟರೆ ಮಗು ಇನ್ನೂ ಮುದ್ದಾಗಿ ಕಾಣುತ್ತದೆಯೇ ಹೊರತು ಕುರೂಪವಾಗುವುದಿಲ್ಲ. ನಿಮಗೆ ಬೇಕಾದದ್ದು ನಿಜವಾದ ತಪ್ಪು, ಒಬ್ಬರ ಬಾಳು ಕೆಡಿಸಿದ ತಪ್ಪು, ಮತ್ತು ಅದು ಅವನ ಆ ಒಂದು ಒಳ್ಳೆಯ ಗುಣದ ಬೇರಿನಿಂದಲೇ ಮೊಳೆತಿರಬೇಕು.

ಕೆಂಪಯ್ಯ ಮಡೆ ಒಡೆದವರಿಗೆ ಬೀಡಿ ಕೊಟ್ಟು, ಮುಚ್ಚಿಸಿ, ಬಾಯಿ ಮುಚ್ಚಿಕೊಂಡು ಬರುವವನು. ಆದರೆ ಭಾಮೈದನ ಪ್ರಸಂಗ ಆದ ಮೇಲೆ ಊರೆಲ್ಲ ಅವನನ್ನು ಕೊಂಡಾಡುತ್ತದೆ, ಕೆಲವರು ಅನುಮಾನವನ್ನೂ ಪಡುತ್ತಾರೆ. ಇಂಥ ಹೊತ್ತಿನಲ್ಲಿ ಒಂದು ರಾತ್ರಿ ಹದಿನೇಳು ವರ್ಷದ ಹುಡುಗನೊಬ್ಬ ಸಿಕ್ಕಿಬೀಳುತ್ತಾನೆ. ಸಾಕಮ್ಮನ ಮೊಮ್ಮಗ. ಅಜ್ಜಿಯ ಗದ್ದೆಗೆ ಇನ್ನೊಂದು ಗಂಟೆ ಹೆಚ್ಚು ನೀರು ಸಿಗಲಿ ಎಂದು ಬಂದವನು. ಈ ಸಲ ಬೀಡಿ ಇಲ್ಲ. ತನಗೆ ಯಾರ ಮುಲಾಜೂ ಇಲ್ಲವೆಂದು ತೋರಿಸಲು ಕೆಂಪಯ್ಯ ಅವನ ರಟ್ಟೆ ಹಿಡಿದು ಬೆಳಗಿನ ತನಕ ಕೂರಿಸಿ, ಅರಳಿಕಟ್ಟೆಯ ಮುಂದೆ ಎಲ್ಲರೆದುರು ನಿಲ್ಲಿಸುತ್ತಾನೆ. ಹುಡುಗ ತಲೆ ತಗ್ಗಿಸಿ ನಿಂತದ್ದು ಐದು ನಿಮಿಷ. ಆ ಸಂಜೆಯೇ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಕಟಾವಿನ ಹೊತ್ತಿಗೆ ಸಾಕಮ್ಮನ ಗದ್ದೆಯಲ್ಲಿ ಕುಯಿಲು ಮಾಡಲು ಮನೆಯ ಆಳಿಲ್ಲ.

ಇಲ್ಲಿ ಸರದಿಯ ಮೇಲಿನ ಪ್ರೀತಿ "ನಾನು ಸರದಿಯ ಮನುಷ್ಯ" ಎಂಬ ಹಮ್ಮಾಗಿ ತಿರುಗಿದೆ. ಅದನ್ನು ನೀವು ಬಿಡಿಸಿ ಹೇಳಬೇಡಿ. ಬೀಡಿ ಜೇಬಿನಲ್ಲೇ ಉಳಿಯಿತು ಎಂದರೆ ಸಾಕು.

ಯಾರ ಕಣ್ಣಿನಿಂದ ನೋಡುವುದು

ಒಳ್ಳೆಯವನ ತಲೆಯೊಳಗೆ ಕೂತು ಬರೆದರೆ ಅವನಿಗೆ ತಾನು ಒಳ್ಳೆಯವನೆಂದು ಗೊತ್ತಾಗಿಬಿಡುತ್ತದೆ, ಅಲ್ಲಿಂದ ಅವನನ್ನು ಸಹಿಸುವುದು ಕಷ್ಟ. ನನ್ನ ಮೊದಲ ಮೂರು ಅಧ್ಯಾಯ ಹೀಗೇ ಹಾಳಾದವು. ಈಗ ಬಹುಪಾಲು ಕಥೆ ಜವರಮ್ಮನ ಕಣ್ಣಿನದು. ಅವಳು ಅವನನ್ನು ಮೆಚ್ಚುವುದೂ ಬೈಯುವುದೂ ಒಂದೇ ಉಸಿರಿನಲ್ಲಿ. ಹೊಗಳುವುದಕ್ಕೆ ಅವಳಿಗೆ ಪುರುಸೊತ್ತಿಲ್ಲ.

ತಿದ್ದುವಾಗ

ಪೂರ್ತಿ ಬರೆದ ಮೇಲೆ ಕೆಂಪು ಪೆನ್ನು ಹಿಡಿದು ಇಷ್ಟು ಹುಡುಕಿ: "ಮುಗುಳ್ನಕ್ಕ", "ಶಾಂತವಾಗಿ ನುಡಿದ", "ಕಣ್ಣಲ್ಲಿ ಕಾರುಣ್ಯ". ಎಲ್ಲ ಹೋಗಲಿ. ಬೇರೆ ಪಾತ್ರಗಳು ಅವನನ್ನು ಹೊಗಳುವ ಸಾಲುಗಳನ್ನು ಎಣಿಸಿ, ಒಂದನ್ನು ಮಾತ್ರ ಉಳಿಸಿಕೊಳ್ಳಿ, ಅದೂ ಅವನನ್ನು ಕಂಡರಾಗದವನು ಒಲ್ಲದ ಮನಸ್ಸಿನಿಂದ ಹೇಳಿದ್ದಿರಲಿ. ಅವನು ನಾಲ್ಕು ವಾಕ್ಯಕ್ಕಿಂತ ಉದ್ದ ಮಾತಾಡುವ ಕಡೆಯೆಲ್ಲ ಭಾಷಣ ಇರುತ್ತದೆ, ಕತ್ತರಿಸಿ. ಖರ್ಚಿನ ಪುಸ್ತಕವನ್ನು ಪಕ್ಕದಲ್ಲಿಟ್ಟು ಎರಡನೆಯ ಕಾಲಂನ ಪ್ರತಿಯೊಬ್ಬರಿಗೂ ಕಾದಂಬರಿಯಲ್ಲಿ ಒಂದು ದೃಶ್ಯವಾದರೂ ಸಿಕ್ಕಿದೆಯೇ ನೋಡಿ. ಮಗಳ ದೃಶ್ಯ ನನ್ನಲ್ಲಿ ಇನ್ನೂ ಬಾಕಿ ಇದೆ.

ಕೊನೆಯಲ್ಲಿ ಸನ್ಮಾನ ಬೇಡ

ಕೊನೆಯ ಅಧ್ಯಾಯದಲ್ಲಿ ಕೈ ಸಡಿಲವಾಗುತ್ತದೆ. ಪಾಪ, ಇಷ್ಟು ಕಷ್ಟಪಟ್ಟಿದ್ದಾನೆ, ಏನಾದರೂ ಕೊಡೋಣ ಅನಿಸುತ್ತದೆ. ಪೇಟ, ಶಾಲು, ಹಾರ ಹಾಕಿಸುವುದು ಒಂದು ಬಗೆ. ಅವನನ್ನು ಸಾಯಿಸಿ ಊರೆಲ್ಲ ಅಳುವಂತೆ ಮಾಡುವುದು ಇನ್ನೊಂದು, ಅದೂ ಸನ್ಮಾನವೇ. ಮೂರನೆಯದು ಮಳೆ. ಕೊನೆಯ ಪುಟದಲ್ಲಿ ಜೋರು ಮಳೆ ಬಂದು ಕಟ್ಟೆ ತುಂಬಿ ಎಲ್ಲರ ಜಗಳವೂ ತೊಳೆದುಹೋಗುವುದು. ನಾನು ಮಳೆ ಬರಿಸಿ, ಒಂದು ವಾರ ಖುಷಿಪಟ್ಟು, ಆಮೇಲೆ ಹರಿದುಹಾಕಿದೆ.

ಈಗ ಇರುವುದು ಮುಂದಿನ ವರ್ಷದ ಗೌರಿ ಹಬ್ಬ. ಪುಟ್ಟರಾಜು ಬರುವುದಿಲ್ಲ. ಆದರೆ ಊರಿನ ಆಟೋದವನೊಬ್ಬನ ಕೈಲಿ ಬಾಗಿನ ಕಳಿಸಿದ್ದಾನೆ. ಮೊರದ ಮೇಲೆ ಮೊರ ಮುಚ್ಚಿದೆ, ಒಳಗೆ ಏನಿದೆಯೋ ಕಾಣುವುದಿಲ್ಲ. ಕೆಂಪಯ್ಯ ರಾತ್ರಿ ಪಾಳಿಗೆ ಹೊರಡಲು ಸನಿಕೆ ತೆಗೆದುಕೊಂಡವನು ಹಜಾರದಲ್ಲೇ ನಿಂತಿದ್ದಾನೆ. ಜವರಮ್ಮ ಬಾಗಿನವನ್ನು ಒಳಗೆ ತೆಗೆದುಕೊಳ್ಳುತ್ತಾಳೋ ವಾಪಸು ಕಳಿಸುತ್ತಾಳೋ ನಾನು ಬರೆದಿಲ್ಲ, ಅಲ್ಲಿಗೇ ನಿಲ್ಲಿಸಿದ್ದೇನೆ.

ಕಳೆದ ವಾರ ಈ ಪುಟವನ್ನು ಅತ್ತೆಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆಟೋದೋನ್ಗೆ ಕಾಫಿ ಕೊಟ್ಲಾ?" ಎಂದರು.